ಹಸಿ ಟೊಂಗೆಗೆ ಬೂಷ್ಟು ಯಾಕೆ?

ಮನೆಯಲ್ಲಿ ಇಗುವಾನಾ ಸಾಕಿದ್ದೇವೆ. ಅದು ಹತ್ತಿ ಕೂರಲೆಂದು ತೋಟದ ಪೇರಲ ಟೊಂಗೆ ಕಡಿದು ಗಾಜಿನ ಪೆಟ್ಟಿಗೆಯಲ್ಲಿಟ್ಟೆವು. ವಾರದಲ್ಲೇ ಬಿಳಿ ಬೂಷ್ಟು ಬಂತು. ಯಾಕೆ? – ಓದುಗರೊಬ್ಬರು, ಮೂಡಲಗಿ

ನಿಮ್ಮ ಮನೆಯ ರೊಟ್ಟಿಯನ್ನೇ ನೋಡಿ. ಮೆತ್ತನೆಯ ಬಿಸಿ ರೊಟ್ಟಿಯನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಎರಡೇ ದಿನಕ್ಕೆ ಬೂಷ್ಟು. ಕಟಕ ರೊಟ್ಟಿಯಾದರೆ ತಿಂಗಳಾದರೂ ಕೆಡದು. ಹಿಟ್ಟು ಒಂದೇ, ವ್ಯತ್ಯಾಸ ನೀರಿನದು.

ಹಸಿ ಟೊಂಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ತೊಗಟೆಯ ಕೆಳಗಿನ ಎಳೆಯ ಕಟ್ಟಿಗೆಯಲ್ಲಿ ಸಕ್ಕರೆ, ಪಿಷ್ಟವೂ ಇರುತ್ತವೆ. ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಸದಾ ಇದ್ದೇ ಇವೆ. ಅವು ನೀರು, ಊಟ, ಬೆಚ್ಚನೆಯ ಮುಚ್ಚಿದ ಜಾಗ ಮೂರೂ ಸಿಕ್ಕಾಗ ಚಿಗುರುತ್ತವೆ. ಟೊಂಗೆಯ ತೇವ ಶೇ 20ಕ್ಕಿಂತ ಕೆಳಗಿಳಿದರೆ ಬೆಳೆಯಲಾರವು.

ಪೇರಲದ ಆಯ್ಕೆ ಸರಿಯೇ. ಗಟ್ಟಿ ಕಟ್ಟಿಗೆ, ವಿಷವಿಲ್ಲ. ತೊಗಟೆ ಸುಲಿದು, ಕುದಿಯುವ ನೀರು ಸುರಿದು, ಕೆಲವು ವಾರ ಗಾಳಿಯಾಡುವಲ್ಲಿ ಒಣಗಿಸಿ. ನೆರೆ ಇಳಿದ ಮೇಲೆ ಘಟಪ್ರಭೆಯ ದಡದಲ್ಲಿ ಸಿಗುವ ಕೊರಡು ಇನ್ನೂ ಒಳ್ಳೆಯದು: ಅದರ ಸಕ್ಕರೆಯನ್ನು ಹೊಳೆಯೇ ತೊಳೆದಿರುತ್ತದೆ. ಕಣಗಿಲೆ, ಕಳ್ಳಿ ಬೇಡ. ಔಷಧಿ ಹೊಡೆದ ಕಬ್ಬಿನ ಗದ್ದೆಯ ಬದುವಿನ ಟೊಂಗೆಯೂ ಬೇಡ. ಇಗುವಾನಾ ಬದಲು ಕಪ್ಪೆ ಸಾಕುವವರಾದರೆ, ಕಪ್ಪೆಯ ಪೆಟ್ಟಿಗೆ ಯಾವಾಗಲೂ ತೇವವಾದ್ದರಿಂದ ಅಲ್ಲಿ ಮೊದಮೊದಲು ಬೂಷ್ಟು ಬಂದೇ ಬರುತ್ತದೆ. ಮೇಲಿನ ಸಕ್ಕರೆ ಮುಗಿದಂತೆ ಅದೂ ಕಡಿಮೆಯಾಗುತ್ತದೆ.

ಅಂದಹಾಗೆ, ಇಗುವಾನಾ ವಿದೇಶಿ ಪ್ರಾಣಿ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಅದರ ನೋಂದಣಿ ಬೇಕು. ಬೇಲಿಯ ಮೇಲೆ ಕಂಡ ನಮ್ಮ ಗೋಸುಂಬೆಯನ್ನು ಮಾತ್ರ ತಂದಿಡಬೇಡಿ, 1972ರ ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ.