ಪುಟ್ಟ ಕಾರಿಗೊಂದು ಷೆಡ್ಡು

ಶ್ರಮಜೀವಿ ಸಂತ ಜೋಸೆಫರ ಹಬ್ಬವನ್ನು ಮೇ 1ರಂದು ಆಚರಿಸುವಂತೆ ಜಗದ್ಗುರು ಹನ್ನೆರಡನೆಯ ಪಯಸ್ 1955ರಲ್ಲಿ ವಿಧಿಸಿದರು. ಸಂತ ಮತ್ತಾಯರ ಶುಭಸಂದೇಶದಲ್ಲಿ ಊರ ಜನ ಯೇಸುವನ್ನು ಬಡಗಿಯ ಮಗನೆಂದೇ ಗುರುತಿಸುತ್ತಾರೆ. ಬಾಲಯೇಸು ಯಾವ ಆಟಿಕೆಯೊಡನೆ ಆಡಿದನೆಂಬುದನ್ನು ಮಾತ್ರ ಅದು ತಿಳಿಸದು.

ರಾರಾವಿಯಂತಹ ಭತ್ತದ ಊರುಗಳಲ್ಲಿ ಕೊಯ್ಲಿನ ದಿನಗಳಂದು ತಂದೆ ಮನೆ ಸೇರುವ ವೇಳೆಗೆ ಮಗು ನಿದ್ರಿಸಿರುತ್ತದೆ. ಅಂಗಡಿಯಿಂದ ಮತ್ತೊಂದು ಕಾರು ತಂದಿತ್ತರೆ ಆ ಕೊರತೆ ತೀರದು. ಕೊಯ್ಲು ಮುಗಿದೊಂದು ಭಾನುವಾರ, ಬಲಿಪೂಜೆಯ ತರುವಾಯ, ಇರುವ ಕಾರಿಗೇ ಷೆಡ್ಡು ಕಟ್ಟಲು ಮಗುವಿನೊಡನೆ ಕುಳಿತುಕೊಳ್ಳಿರಿ.

ಚಪ್ಪಲಿಯ ರಟ್ಟಿನ ಪೆಟ್ಟಿಗೆಯೊಂದನ್ನು ಅಡ್ಡ ಮಲಗಿಸಿ. ಬೆರಳುದ್ದದ ಕಾರು ಸುಮಾರು 7 ಸೆಂ.ಮೀ. ಇರುವುದರಿಂದ 5 ಸೆಂ.ಮೀ. ಅಗಲದ ಅಂಕಣಗಳು ಸಾಕು. ಮಹಡಿ 6 ಸೆಂ.ಮೀ. ಎತ್ತರದಲ್ಲಿದ್ದರೆ ಇಳಿಜಾರು ದಾರಿ 18 ಸೆಂ.ಮೀ.ಗೆ ಕಡಿಮೆಯಾಗದಿರಲಿ. ದಾರಿಗೆ ಕಿರಾಣಿ ಅಂಗಡಿಯ ದಪ್ಪ ರಟ್ಟೇ ಉತ್ತಮ. ಅದರೊಳಗಿನ ಅಲೆಗಳು ಉದ್ದಕ್ಕೆ ಸಾಗಿದರೆ ಬಾಗದು. ಅಂಟಿಗೆ ಮೈದಾ ಗಂಜಿ. ಹುಳು ಹಿಡಿಯದಿರಲೆಂದು ಪುಸ್ತಕ ಕಟ್ಟುವವರು ಬೆರೆಸುವ ಮೈಲುತುತ್ತ ಇಲ್ಲಿ ಬೇಡವೇ ಬೇಡ. ಅದು ವಿಷ, ಮಗುವಿನ ಕೈ ಬಾಯಿಗೆ ಹೋಗುತ್ತದೆ. ಗುಂಡುಸೂಜಿಯೂ ಸಲ್ಲದು. ಮೂರು ವರ್ಷ ತುಂಬದ ಮಗುವಿಗೆ ಚಕ್ರ ಕಳಚುವ ಕಾರನ್ನು ಕೊಡಬಾರದು.

ಕತ್ತರಿ ತಂದೆಯ ಕೈಯಲ್ಲಿರಲಿ, ಗಂಜಿ ಬಳಿಯುವ ಕೆಲಸ ಮಗುವಿನದು. ಗೋಡೆ ಸೊಟ್ಟಗಾದರೆ ತಿದ್ದಲು ಹೋಗಬೇಡಿರಿ. ಒಣಗಲು ಒಂದು ರಾತ್ರಿ ಹಿಡಿಯುತ್ತದೆ.