ಓಮನ ನಿಯಮದ ಪಾಠಕ್ಕೆ ಒಂದು ವಿದ್ಯುತ್ ಪೂರೈಕೆ

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಓಮನ ನಿಯಮದ ಚಟುವಟಿಕೆ ಸರಳವಾಗಿದೆ: ಅರ್ಧ ಮೀಟರ್ ನೈಕ್ರೋಮ್ ತಂತಿ, 1.5 ವೋಲ್ಟಿನ ನಾಲ್ಕು ಸೆಲ್ಲು. ಒಂದೊಂದೇ ಸೆಲ್ಲು ಸೇರಿಸುತ್ತಾ ವಿಭವಾಂತರವನ್ನೂ ವಿದ್ಯುತ್ ಪ್ರವಾಹವನ್ನೂ ಅಳೆಯಬೇಕು. ನನ್ನ ಬೋಧನಾಭ್ಯಾಸದ ಶಾಲೆಯಲ್ಲಿದ್ದದ್ದು ಒಂದೇ ಮಲ್ಟಿಮೀಟರ್. ಮೊದಲು ಪ್ರವಾಹ, ಆಮೇಲೆ ವಿಭವಾಂತರ ಅಳೆದೆವು. ಅಷ್ಟರೊಳಗೆ ಸೆಲ್ಲು ಸೊರಗಿರುತ್ತಿತ್ತು. ಭಾಗಲಬ್ಧ ಸ್ಥಿರವಾಗಿ ಬರಲೇ ಇಲ್ಲ. ಸರಿಯಾಗಿ ನೋಡಿ ಬರೆ ಎಂದು ಒಬ್ಬ ಹುಡುಗಿಯನ್ನು ಗದರಿದೆ. ಅವಳು ಬರೆದದ್ದು ಸರಿಯೇ ಇತ್ತು. ಮರುದಿನ ತರಗತಿಯಲ್ಲೇ ಅದನ್ನು ಒಪ್ಪಿಕೊಂಡೆ.

ಅರ್ಧ ಮೀಟರ್ ತಂತಿಯ ರೋಧ ಕೆಲವೇ ಓಮ್ ಇರಬಹುದು. ನಾಲ್ಕು ಸೆಲ್ಲು ಸೇರಿದಾಗ ಅದು ಒಂದು ಆಂಪಿಯರಿಗೂ ಮೀರಿ ಕೇಳುತ್ತದೆ. ಟಾರ್ಚಿನ ಸೆಲ್ಲು ಅಷ್ಟನ್ನು ಬಹಳ ಹೊತ್ತು ಕೊಡಲಾರದು.

ಹಳೆಯ ಕಂಪ್ಯೂಟರಿನ ಎಸ್‌ಎಂಪಿಎಸ್ ಬಳಸಿ ಎಂದು ಹಲವರು ಹೇಳುತ್ತಾರೆ. ತರಗತಿಗೆ ನಾನು ಅದನ್ನು ಒಪ್ಪುವುದಿಲ್ಲ. ಅದರ 12 ವೋಲ್ಟಿನ ತಂತಿ ಹತ್ತಾರು ಆಂಪಿಯರ್ ಕೊಡಬಲ್ಲದು. ಮಕ್ಕಳ ತೆಳು ವೈರು ಸುಡಲು ಅಷ್ಟು ಸಾಕು. ಪೆಟ್ಟಿಗೆ ಬಿಚ್ಚಿದರೆ ಒಳಗಿನ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು. ಶಾಲೆಗೆ ಬೇಕಾದದ್ದು ಹೆಚ್ಚು ಶಕ್ತಿಯಲ್ಲ, ಪ್ರವಾಹಕ್ಕೊಂದು ಮಿತಿ. ಕೊಳ್ಳುವುದಾದರೂ ಪ್ರವಾಹದ ಮಿತಿಗೆ ಬೇರೆ ಗುಬ್ಬಿ ಇರುವುದನ್ನೇ ಕೊಳ್ಳಿ.

ನಾನು ಕಟ್ಟಿದ್ದು 12 ವೋಲ್ಟ್, 1 ಆಂಪಿಯರಿನ ಸಿದ್ಧ ಅಡಾಪ್ಟರಿನಿಂದ. ಹಾಗಾಗಿ 230 ವೋಲ್ಟಿನ ಕಡೆ ಕೈಯಿಡುವ ಪ್ರಸಂಗವೇ ಇಲ್ಲ. ಅದರ ಮುಂದೆ ಎರಡು ಎಲ್‌ಎಂ317 ಐಸಿಗಳು. ಮೊದಲನೆಯದರ ಔಟ್‌ಪುಟ್ ಮತ್ತು ಅಡ್ಜಸ್ಟ್ ಕಾಲುಗಳ ನಡುವೆ 4.7 ಓಮ್, 1 ವಾಟ್ ರೋಧಕ. ಅಡ್ಜಸ್ಟ್ ಕಾಲಿನಿಂದಲೇ ಮುಂದಕ್ಕೆ ಸಂಪರ್ಕ. ಐಸಿ ಈ ಎರಡು ಕಾಲುಗಳ ನಡುವೆ ಸದಾ 1.25 ವೋಲ್ಟ್ ಕಾಯ್ದುಕೊಳ್ಳಲು ನೋಡುತ್ತದೆ. 1.25 ಅನ್ನು 4.7ರಿಂದ ಭಾಗಿಸಿದರೆ ಸುಮಾರು 0.27 ಆಂಪಿಯರ್; ಅದೇ ಮಿತಿ. ಇಲ್ಲಿಯೂ ಓಮನ ನಿಯಮವೇ, ಮಕ್ಕಳಿಂದಲೇ ಲೆಕ್ಕ ಮಾಡಿಸಬಹುದು. ಎರಡನೆಯ ಐಸಿ ವೋಲ್ಟೇಜಿಗೆ: ಔಟ್‌ಪುಟ್ಟಿನಿಂದ ಅಡ್ಜಸ್ಟಿಗೆ 240 ಓಮ್, ಅಲ್ಲಿಂದ ಋಣ ತಂತಿಗೆ 1 ಕಿಲೋಓಮ್ ಪೊಟೆನ್ಷಿಯೋಮೀಟರ್. 1.25ರಿಂದ ಸುಮಾರು 6.5 ವೋಲ್ಟ್‌ವರೆಗೆ ಸಿಗುತ್ತದೆ. ಇನ್‌ಪುಟ್ಟಿಗೆ 0.1, ಔಟ್‌ಪುಟ್ಟಿಗೆ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೇಕು.

ಐಸಿಗಳು ಬಿಸಿಯಾಗುತ್ತವೆ, ಹೀಟ್‌ಸಿಂಕ್ ಬಿಡಬೇಡಿ. ಲೋಹದ ಬೆನ್ನು ಔಟ್‌ಪುಟ್ಟಿಗೇ ಸೇರಿರುವುದರಿಂದ ಎರಡನ್ನೂ ಒಂದೇ ಹೀಟ್‌ಸಿಂಕಿಗೆ ನೇರವಾಗಿ ಬಿಗಿಯಬಾರದು. ನಾನು ಬಿಗಿದಿದ್ದೆ, ಮಿತಿ ಏಕೆ ಕೆಲಸ ಮಾಡುತ್ತಿಲ್ಲ ಎಂದು ಒಂದು ಸಂಜೆ ಹುಡುಕಿದೆ.

ಈಗ ನೈಕ್ರೋಮ್ ಬದಲು 33 ಓಮ್, 2 ವಾಟ್ ರೋಧಕ ಇಡುತ್ತೇನೆ; 6 ವೋಲ್ಟಿಗೂ ಪ್ರವಾಹ ಮಿತಿಯೊಳಗೇ ಉಳಿಯುತ್ತದೆ. ಕ್ಲಿಪ್ಪುಗಳು ಒಂದಕ್ಕೊಂದು ತಾಗಿದರೂ ಭಯವಿಲ್ಲ. ಆದರೆ ಈ ಮಿತಿ ಎಲ್‌ಇಡಿಯನ್ನು ಕಾಯುವುದಿಲ್ಲ. 20 ಮಿಲಿಆಂಪಿಯರಿನ ಎಲ್‌ಇಡಿಗೆ ಸರಣಿಯಲ್ಲಿ ರೋಧಕ ಬೇಕೇ ಬೇಕು. 1.25 ವೋಲ್ಟಿಗಿಂತ ಕೆಳಗೆ ಈ ಪೂರೈಕೆ ಇಳಿಯದು. ಹಾಗಾಗಿ ನಕ್ಷೆಯ ರೇಖೆಯನ್ನು ಮಕ್ಕಳು ಹಿಂದಕ್ಕೆ ಎಳೆದು, ಅದು ಮೂಲಬಿಂದುವನ್ನು ಮುಟ್ಟುತ್ತದೆಯೇ ಎಂದು ತಾವೇ ನೋಡುತ್ತಾರೆ.