ಟಿ.ವಿ.ಯಲ್ಲಿ ಬೇಸಾಯ ನೋಡುವಾಗ ಮಳೆ ಲೆಕ್ಕ ಕೇಳಿ

ನಾನು ಹೆಗಡೆಕಟ್ಟಾದವ. ಮಳೆ ನಂಬಿದ ಖುಷ್ಕಿ ಜಮೀನು, ಓದಿದ್ದು ಏಳನೇ ಇಯತ್ತೆ. ಸಂಜೆ ಕೈಕಾಲು ತೊಳೆದು ಚಂದನದ ಕೃಷಿ ದರ್ಶನ ನೋಡುವುದು ಹಳೇ ರೂಢಿ.

ಒಂದು ವರ್ಷ ಟಿ.ವಿ.ಯಲ್ಲಿ ಬಯಲುಸೀಮೆಯ ರೈತರೊಬ್ಬರು ಇಳಿಜಾರಿಗೆ ಅಡ್ಡ ಬದು ಹಾಕಿ ನೀರು ಇಂಗಿಸಿದ್ದನ್ನು ತೋರಿಸಿದರು. ನನ್ನ ನೆಲವೂ ದೀಪಾವಳಿ ಕಳೆದರೆ ಒಣಗ್ತದೆ. ಸರಿ, ಹತ್ತು ಗುಂಟೆ ಶುಂಠಿಗೆ ಹಾಗೇ ಬದು ಕಟ್ಟಿದೆ. ಆಷಾಢದ ಮಳೆಗೆ ನೀರು ನಿಂತು ಕೊಳೆ ಬಂತು. ಬೀಜದ ಶುಂಠಿಯೂ ಕೈಗೆ ಸಿಗಲಿಲ್ಲ. ಪಕ್ಕದ ಜಮೀನಿನವರು ಅಂದರು, "ಅಲ್ಲಿ ನೀರು ನಿಲ್ಲಿಸೋದು, ಇಲ್ಲಿ ಮೊದಲು ನೀರು ಬಿಡೋದು ಮಾರಾಯ!" ತೋರಿಸಿದವರ ತಪ್ಪೇನಿಲ್ಲ. ಮಳೆ ಲೆಕ್ಕ ಕೇಳದ್ದು ನಾನು.

ಒಣ ನೆಲದಲ್ಲಿ ಶುರು

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಆದರೆ ಅದಕ್ಕೂ ಮೊದಲೇ ನಮ್ಮ ರಾಜ್ಯದ ಹಳ್ಳಿಗರು ಟಿ.ವಿ. ನೋಡಿದ್ದರು. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಉಪಗ್ರಹ ಎರವಲು ಪಡೆದು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಬೇಸಾಯ, ಆರೋಗ್ಯದ ಕಾರ್ಯಕ್ರಮ ಕಳಿಸಿದರು. ಈ ಯೋಜನೆಗೆ 'ಸೈಟ್' ಎಂದು ಹೆಸರು. ಕರ್ನಾಟಕದಲ್ಲಿ ಆರಿಸಿದ್ದು ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರದ ಒಣ ಸೀಮೆಯ ಹಳ್ಳಿಗಳನ್ನು. ಊರಿಗೊಂದು ಟಿ.ವಿ., ಎಲ್ಲರೂ ಒಟ್ಟಿಗೆ ಕೂತು ನೋಡೋದು. 1977ರಲ್ಲಿ ಗುಲ್ಬರ್ಗಕ್ಕೇ ಪ್ರಸಾರ ಕೇಂದ್ರ ಬಂತು.

ಆಗ ಒಂದು ಸೀಮೆಗೆಂದೇ ಕಾರ್ಯಕ್ರಮ. ಈಗ ಚಂದನ ಇಡೀ ರಾಜ್ಯಕ್ಕೆ. ಬಿಜಾಪುರದ ಕಡೆ ವರ್ಷಕ್ಕೆ ಅರವತ್ತು ಸೆಂಟಿಮೀಟರ್ ಆಸುಪಾಸು ಮಳೆ; ಶಿರಸಿಯಲ್ಲಿ ಅದರ ಮೂರು ನಾಲ್ಕು ಪಟ್ಟು. ಇಬ್ಬರೂ ನೋಡೋದು ಒಂದೇ ಕಾರ್ಯಕ್ರಮ.

ನೋಡುವ ಕ್ರಮ

ನಾನೀಗ ಪಟ್ಟಿ ಪುಸ್ತಕ ಹಿಡಿದೇ ಕೂರ್ತೇನೆ. ನಾಲ್ಕು ವಿಷಯ ಬರೆದುಕೊಳ್ತೇನೆ: ಯಾವ ಊರು, ಎಂಥ ಮಣ್ಣು, ಮಳೆ ಎಷ್ಟು, ಯಾವ ತಿಂಗಳ ಕೆಲಸ. ಇದರಲ್ಲಿ ಒಂದು ಹೇಳದಿದ್ದರೂ ವಿಚಾರಿಸದೆ ಮಾಡುವುದಿಲ್ಲ. ನೇರ ಪ್ರಸಾರದಲ್ಲಿ ಫೋನಿಗೆ ಅವಕಾಶ ಇದ್ದರೆ ನಮ್ಮ ಊರು, ಮಳೆ ಮೊದಲು ಹೇಳಿ ಆಮೇಲೆ ಪ್ರಶ್ನೆ ಕೇಳಬೇಕು. ಒಪ್ಪಿಗೆಯಾದರೂ ಮೊದಲ ವರ್ಷ ಒಂದೇ ಗುಂಟೆ.

ಕೊಡೆ ಕೂರಿಸುವವರಿಗೆ

ಅಡಿಕೆ ಕಂಬಕ್ಕೆ ಆಂಟೆನಾ ಕಟ್ಟಿ ತಿರುಗಿಸುವ ಕಾಲ ಮುಗೀತು. ಹಳೇ ಟವರುಗಳ ಪ್ರಸಾರವನ್ನು 2021ರ ಹೊತ್ತಿಗೆ ಬಹುತೇಕ ನಿಲ್ಲಿಸಿದ್ದಾರೆ. ಈಗ ದೂರದರ್ಶನದ ಫ್ರೀ ಡಿಶ್‌ನಲ್ಲಿ ಚಂದನ ಸಿಗ್ತದೆ. ಕೊಡೆ, ಪೆಟ್ಟಿಗೆಗೆ ಒಮ್ಮೆ ಖರ್ಚು, ತಿಂಗಳ ಬಾಡಿಗೆ ಇಲ್ಲ. ನಮ್ಮ ಕಡೆ ಕೊಡೆಯ ಮುಖ ಆಗ್ನೇಯಕ್ಕೆ ಇರಬೇಕು, ಎದುರು ಮರ ಅಡ್ಡ ಬರಬಾರದು. ಜೋರು ಮಳೆಗೆ ಚಿತ್ರ ಒಡೆದರೆ ಕೊಡೆ ತಿರುಗಿಸಲು ಹೋಗಬೇಡಿ. ದಪ್ಪ ಮಳೆ ಅಲೆಯನ್ನು ತಡೆಯುತ್ತದೆ. ಮಳೆ ಹೊಳವಾದರೆ ತಾನೇ ಸರಿಯಾಗ್ತದೆ.

ಬದು ಒಡೆದು ಕಾಲುವೆ ಮಾಡಿದ ಮೇಲೆ ಅದೇ ನೆಲದಲ್ಲಿ ಶುಂಠಿ ನಿಂತಿದೆ. ಕೃಷಿ ದರ್ಶನವನ್ನು ಈಗಲೂ ಬಿಟ್ಟಿಲ್ಲ.